ಚೋಕು ಎಳೆದು

ಒಂಬತ್ತು ತಿಂಗಳು ನಿಂತಿತ್ತು ಗಾಡಿ
ಗೋಣಿತಾಟು ಹೊದ್ದು, ಗೋಡೆಗೆ ಭುಜ ಕೊಟ್ಟು.
ಸೀಟಿನೊಳಗೆ ಇಲಿಯೊಂದು ಬಾಣಂತನ ಮುಗಿಸಿ ಹೋಗಿತ್ತು;
ಮುಟ್ಟಿದರೆ ಸ್ಪಂಜು ಪುಡಿಪುಡಿ.
ನನ್ನ ಸೊಂಟದಲ್ಲಿ ಎರಡು ಸ್ಟೀಲಿನ ಮೊಳೆ,
ಅದರ ಟ್ಯಾಂಕಿನಲ್ಲಿ ಹಳಸಿದ ಪೆಟ್ರೋಲು.
ಕಂಬದಿಂದ ಬಿದ್ದವನು ನಾನು.
ನೀನ್ಯಾಕೆ ಮಲಗಿದೆ ಅಂತ
ಅದನ್ನು ಯಾರೂ ಕೇಳಲಿಲ್ಲ.

ಫೋನಿನಲ್ಲಿ ಅಫ್ರೋಜ್ ಹೇಳಿದ್ದ:
ನಿಂತ ಗಾಡಿ ಅಣ್ಣ, ಆಯಿಲ್ ಇಳಿದು ಒಳಗೆ ಕೂತಿರ್ತದೆ,
ಅದು ಸುಟ್ಟೋಗೋ ತನಕ ಹೊಗೇನೇ.
ಗಾಬ್ರಿ ಬಿದ್ದು ಎಂಜಿನ್ ಬಿಚ್ಚಿಸಬ್ಯಾಡಿ.
ರೇಸ್ ಕೊಡಬ್ಯಾಡಿ. ಆಫೂ ಮಾಡಬ್ಯಾಡಿ.
ಸುಮ್ಕೆ ಪಕ್ಕದಲ್ಲಿ ನಿಂತ್ಕಳಿ.

ಬಲಗಾಲಿಗೆ ಕಿಕ್ಕು ಕೂಡದು ಎಂದಿದ್ದರು ಡಾಕ್ಟರು.
ಜಯಶೀಲ ಸೆರಗು ಸಿಕ್ಕಿಸಿ, ನನ್ನನ್ನು ಅತ್ತ ಸರಿಸಿ
ಒದ್ದಳು.
ಐದನೆಯದಕ್ಕೆ ಕೆಮ್ಮು, ಆರನೆಯದಕ್ಕೆ ಬರೀ ಉಸಿರು,
ಏಳನೆಯ ಒದೆತದಲ್ಲಿ ನನ್ನ ಪಾಲೂ ಇತ್ತೇನೋ,
ಹತ್ತಿತು.

ಹೊಗೆ ಅಂದರೆ ಅದು ಹೊಗೆ!
ನೀಲಿ ಅದ್ದಿ ಹಿಂಡಿದ ಅರಳೆಯ ಹಾಗೆ
ಸೈಲೆನ್ಸರಿನ ಬಾಯಿಂದ ಉಂಡೆ ಉಂಡೆ.
ಮೊಣಕಾಲೆತ್ತರಕ್ಕೆ ಗುತ್ತಲಿನ ಓಣಿಯುದ್ದಕ್ಕೂ ನಡೆಯಿತು,
ಚರಂಡಿ ದಾಟಿತು, ಕೋಳಿಯನ್ನು ಎಬ್ಬಿಸಿತು,
ಗಾಜಿನ ಚೂರು ನೆಟ್ಟ ಮೋಟುಗೋಡೆಯನ್ನು
ಕೈ ಕುಯ್ಯಿಸಿಕೊಳ್ಳದೆ ಹತ್ತಿ
ಆಚೆ ಇಳಿಯಿತು.

ಆಚೆ ಮಂಚದ ಮೇಲೆ
ಸಣ್ಣತಾಯಮ್ಮನ ಅಕ್ಕಿ ಸಂಡಿಗೆ.
ಬಿಳಿ ಪಂಚೆಯ ಮೇಲೆ ಸಾಲು ಸಾಲು,
ಕಾಗೆಗೆ ಅಂತ ಕಟ್ಟಿದ ಮುರುಕು ಕೊಡೆ.

ನಾಲ್ಕು ವರ್ಷವಾಗಿತ್ತು ಆ ಮನೆಯಿಂದ ಮಾತು ಬಂದು.
ಮೂರು ತಿಂಗಳ ಬಾಕಿ, ನನ್ನ ಜೇಬಿನಲ್ಲಿ ಆರ್ಡರು.
ಫ್ಯೂಸು ಕಿತ್ತು ಕೈಯಲ್ಲಿ ಹಿಡಿದು ಇಳಿದಾಗ
ಕಿಟಕಿಯಲ್ಲಿ ಅವಳ ಮಗಳು ಕೂತಿದ್ದಳು,
ಮಾರನೇ ಬೆಳಿಗ್ಗೆ ಗಣಿತ ಪರೀಕ್ಷೆ.
ಪಿಂಗಾಣಿ ಇನ್ನೂ ಬಿಸಿ ಇತ್ತು.
ಆ ಬಿಸಿ ಈಗಲೂ ಗೊತ್ತು ಅಂಗೈಗೆ.

ಬಾಗಿಲು ದಢಾರನೆ ತೆರೆಯಿತು.
'ಕಣ್ಣು ಕಾಣಕಿಲ್ವಾ ನಿಂಗೆ? ಮೂರು ಸೇರು ಅಕ್ಕಿ ಕಣಯ್ಯಾ!
ಅವತ್ತು ಬೆಳಕು ಕಿತ್ಕಂಡೋದೆ, ಇವತ್ತು ಬಿಸ್ಲಿಗೂ ಬಂದಾ?
ಬುಡ್ಡಿ ದೀಪ್ದಲ್ಲಿ ಓದ್ತು ನನ್ ಮಗ,
ಕಣ್ಣುಜ್ಜಿ ಉಜ್ಜಿ...'

ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಬೂದಿ
ಊರ ಬಟ್ಟೆಯ ಮೇಲೆಲ್ಲ ಬೀಳುತ್ತದೆ,
ಕೊಡವಿ ಮಡಚುತ್ತಾಳೆ ಇದೇ ಸಣ್ಣತಾಯಮ್ಮ, ತುಟಿ ಬಿಚ್ಚದೆ.
ಇದನ್ನು ಹೇಳಬಹುದಿತ್ತು.
ಆರ್ಡರು ಇತ್ತು ಅಂತಲೂ ಹೇಳಬಹುದಿತ್ತು.
ಜಯಶೀಲ ಬಾಯಿ ತೆರೆದಳು, ನಾನು ಅವಳ ಮುಂಗೈ ಹಿಡಿದೆ.

ರೇಸ್ ಕೊಡಲಿಲ್ಲ.
ಆಫೂ ಮಾಡಲಿಲ್ಲ.

ಎಷ್ಟು ಹೊತ್ತೋ. ಸೈಲೆನ್ಸರಿನ ತುದಿಯಲ್ಲಿ
ಕಪ್ಪು ಹನಿಯೊಂದು ತೂಗಿ, ತೂಗಿ, ಮಣ್ಣಿಗೆ ಬಿತ್ತು.
ಹೊಗೆ ಮಜ್ಜಿಗೆಯಾಯಿತು, ಆಮೇಲೆ ನೀರುಮಜ್ಜಿಗೆ,
ಆಮೇಲೆ ಸೈಲೆನ್ಸರಿನ ಹಿಂದೆ ನಡುಗುವ ಗಾಳಿ ಮಾತ್ರ,
ಅದರಾಚೆ ಗೋಡೆ, ಗಾಜು,
ಗೋಡೆಗೆ ಕೈಯೂರಿ ದಮ್ಮು ಕಟ್ಟಿ ನಿಂತ ಸಣ್ಣತಾಯಮ್ಮ.

ಒಂದು ಸಂಡಿಗೆ ಎತ್ತಿ ಮೂಸಿದಳು.
ತಿರುವಿ ಹಾಕಿದಳು.
'ಸೊಂಟಕ್ಕೆ ಕಬ್ಬಿಣ ಹಾಕವ್ರಂತೆ?'
'ಹೂಂ. ಎರಡು.'
'ಚಳೀಲಿ ನೋಯ್ತದಾ?'
'ನೋಯ್ತದೆ.'
'ಪಾಸಾದ್ಲು ಅವ್ಳು,' ಅಂದಳು, ನನಗಲ್ಲ, ಕೊಡೆಗೆ.

ಗಾಡಿ ತನ್ನ ಪಾಡಿಗೆ ಟುಕ್ಕು ಟುಕ್ಕು ಅನ್ನುತ್ತಿತ್ತು.

ಸಂಜೆ ಗೋಡೆಯ ಮೇಲೆ, ಗಾಜಿಲ್ಲದ ಗೇಣು ಜಾಗದಲ್ಲಿ
ಸ್ಟೀಲಿನ ತಟ್ಟೆ. ಕರಿದ ಸಂಡಿಗೆ, ಮೇಲೆ ಪೇಪರು.
ಕಚ್ಚಿದರೆ ಹಿಂದೆ ಸಣ್ಣಗೆ ಒಂದು ಎಣ್ಣೆಯ ಘಾಟು.
ಕಡಲೆಕಾಯಿ ಎಣ್ಣೆಯದೋ
ಟೂ-ಟಿ ಆಯಿಲಿನದೋ,
ಜಯಶೀಲ ನನ್ನ ಮುಖ ನೋಡಿದಳು.
ಇನ್ನೊಂದು ತಗೊಂಡೆ.